ಮೂವತ್ತೇಳನೇ ನಗು

ಜೂನ್ 2, ಸೋಮವಾರ

ದಿನ ಗೊತ್ತಾಯಿತು. ಈ ತಿಂಗಳ ಇಪ್ಪತ್ತನಾಲ್ಕು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ. ಡೆಂಟಲ್ ಕಾಲೇಜಿನಲ್ಲಿ ನನ್ನ ಗೈಡ್ ಆಗಿರುವ ಸರ್ ನನ್ನ ಮೇಲಿನ ನಾಲ್ಕು ಮುಂದಿನ ಹಲ್ಲುಗಳನ್ನು ಸವೆಸಿ ತೆಳ್ಳಗೆ ಮಾಡಿ, ಅವುಗಳ ಮೇಲೆ ಪಿಂಗಾಣಿಯ ಹೊದಿಕೆ ಅಂಟಿಸುತ್ತಾರೆ. ‘ಮೊದಲು’ ಮತ್ತು ‘ಆಮೇಲೆ’ ಎಂಬ ಎರಡು ಫೋಟೊಗಳು ನನ್ನ ಪ್ರಬಂಧದ ಕೊನೆಯ ಪುಟದಲ್ಲಿ ಬರುತ್ತವೆ. ನಗುವಿನ ಅಂದದ ಮೇಲೆ ಪ್ರಬಂಧ ಬರೆಯುವವಳ ಬಾಯಲ್ಲೇ ವಾರೆ ಹಲ್ಲಿದ್ದರೆ ಪರೀಕ್ಷಕರು ಏನೆಂದುಕೊಂಡಾರು ಎಂದು ಸರ್ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ನಾನಂತೂ ಇಪ್ಪತ್ತು ವರ್ಷದಿಂದ ಅದನ್ನೇ ಅಂದುಕೊಂಡು ತುಟಿ ಬಿಗಿದುಕೊಂಡೇ ನಗುತ್ತಿದ್ದೇನೆ.

ತಪ್ಪಿತಸ್ಥ ಒಬ್ಬನೇ. ಬಲಗಡೆಯ ಎರಡನೇ ಹಲ್ಲು. ತನ್ನ ಜಾಗದಲ್ಲಿ ನೆಟ್ಟಗೆ ನಿಲ್ಲದೆ, ಸ್ವಲ್ಪ ತಿರುಗಿ, ನಡುಹಲ್ಲಿನ ಹೆಗಲ ಮೇಲೆ ಹತ್ತಿ ಕೂತಿದೆ. ಬಸ್ಸಿನಲ್ಲಿ ಪಕ್ಕದವರ ಪೇಪರ್ ಇಣುಕಿ ಓದುವವರು ಕೂರುತ್ತಾರಲ್ಲ, ಹಾಗೆ.

ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಇದು ನನಗೆ ತಿಳಿದಿದೆ ಎಂಬ ಹಾಳೆಗೆ ದಿನಾ ರೋಗಿಗಳಿಂದ ಸಹಿ ಹಾಕಿಸುವುದು ನನ್ನ ಕೆಲಸ. ಇವತ್ತು ಅದೇ ಹಾಳೆಗೆ ನಾನೇ ಸಹಿ ಹಾಕಿದೆ. ರೋಗಿಗಳಿಗೆ ‘ಏನೂ ಆಗಲ್ಲ, ಹೆದರಬೇಡಿ’ ಅನ್ನುವ ಡೈಲಾಗನ್ನು ನನಗೆ ನಾನೇ ಹೇಳಿಕೊಂಡೆ. ಕೆಲಸ ಮಾಡಲಿಲ್ಲ.

ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಟೈಲರ್; ಎರಡು ವರ್ಷದಿಂದ ನಾನಿರುವುದು ಅವಳ ಮನೆಯಲ್ಲೇ. ಯಾವಾಗ ನೋಡಿದರೂ ತುಟಿಗಳ ನಡುವೆ ಐದಾರು ಗುಂಡುಸೂಜಿ ಕಚ್ಚಿಕೊಂಡು, ಬಾಯಿಯ ಒಂದು ಮೂಲೆಯಿಂದ ಮಾತಾಡುತ್ತಾಳೆ. ಸಾಮಾನ್ಯವಾಗಿ ನನ್ನ ಯಾವ ಸುದ್ದಿಗೂ ಹತ್ತು ಮಾತು ಸೇರಿಸುವವಳು, ಇದಕ್ಕೆ ‘ಊಂ’ ಅಂದಳು, ಅಷ್ಟೇ. ಮೆಷಿನ್ ತುಳಿಯುತ್ತಲೇ ಇದ್ದಳು.

ಜೂನ್ 5, ಗುರುವಾರ

ಅಳತೆ ಶುರುವಾಗಿದೆ. ಫೋಟೊ ತೆಗೆದವಳು ನನ್ನ ಸಹಪಾಠಿ. ಸದಾ ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡೇ ಇರುವುದರಿಂದ ಅವಳ ಹೆಸರೇ ಕ್ಯಾಮೆರಾ ಎಂದಾಗಿಹೋಗಿದೆ. ಅರವತ್ತು ಜನರ ನಗುವನ್ನು ಹಿಡಿದು, ಮುಖವೆಲ್ಲ ಕತ್ತರಿಸಿ ತುಟಿ-ಹಲ್ಲು ಮಾತ್ರ ಉಳಿಸಿ, ಬಣ್ಣ ತೆಗೆದು, ಬರೀ ಸಂಖ್ಯೆ ಹಾಕಿ ನನಗೆ ಕೊಟ್ಟಿದ್ದಾಳೆ. ಯಾವ ಸಂಖ್ಯೆ ಯಾರದು ಎಂಬುದು ಮುಚ್ಚಿದ ಲಕೋಟೆಯಲ್ಲಿ ಅವಳ ಬೀರುವಿನಲ್ಲಿದೆ. ಮುಖ ನೋಡಿ ಮಣೆ ಹಾಕಬಾರದು ಎಂದು ಈ ಏರ್ಪಾಡು. ಇನ್ನೊಂದೇ ಷರತ್ತು: ಎಲ್ಲರದೂ ಸ್ವಂತ ಹಲ್ಲಾಗಿರಬೇಕು, ಕಟ್ಟಿಸಿದ್ದು ನಡೆಯುವುದಿಲ್ಲ.

ಹುಡುಕುತ್ತಿರುವುದು ಒಂದೇ ಲೆಕ್ಕವನ್ನು. ಎದುರಿಗೆ ನಿಂತು ನೋಡಿದಾಗ ನಡುಹಲ್ಲಿನ ಅಗಲ ನೂರು ಎಂದಿಟ್ಟುಕೊಂಡರೆ, ಅದರ ಪಕ್ಕದ್ದು ಅರವತ್ತೆರಡು ಕಾಣಬೇಕು, ಅದರಾಚೆಯ ಕೋರೆಹಲ್ಲು ಮೂವತ್ತೆಂಟು. ಸುವರ್ಣ ಅನುಪಾತ. ಸರ್ ಇದನ್ನು ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದಾರೆ. ತಾವೇ ಬರೆದ ಚಾರ್ಟನ್ನು ಕ್ಲಿನಿಕ್ಕಿನಲ್ಲಿ, ಲ್ಯಾಬಿನಲ್ಲಿ, ಕೊನೆಗೆ ಕೈತೊಳೆಯುವ ಬೇಸಿನ್ನಿನ ಮೇಲೂ ಅಂಟಿಸಿದ್ದಾರೆ. ಅವರ ಬೆನ್ನ ಹಿಂದೆ ನಾವು ಅವರನ್ನು ಸುವರ್ಣ ಸರ್ ಅನ್ನುತ್ತೇವೆ.

ಮೊದಲ ಇಪ್ಪತ್ತು ಮುಗಿಯಿತು. ಪಕ್ಕದ ಹಲ್ಲು ಅರವತ್ತಾರು, ಎಪ್ಪತ್ತೊಂದು, ಅರವತ್ತೊಂಬತ್ತು. ಕೋರೆಹಲ್ಲುಗಳೆಲ್ಲ ಐವತ್ತರ ಆಸುಪಾಸಿನಲ್ಲಿ ಬೀಡುಬಿಟ್ಟಿವೆ. ಒಬ್ಬರದೂ ಸುವರ್ಣವಲ್ಲ, ಬೆಳ್ಳಿಯ ಹತ್ತಿರವೂ ಇಲ್ಲ.

ನನಗೆ ಈ ಲೆಕ್ಕ ತಲೆಗೆ ಹತ್ತಿಬಿಟ್ಟಿದೆ. ಇವತ್ತು ಲಿಫ್ಟಿನಲ್ಲಿ ಒಬ್ಬ ಹೆಂಗಸು ನಗುತ್ತಾ ‘ಎಷ್ಟನೇ ಮಹಡಿ?’ ಎಂದು ಕೇಳಿದರು. ‘ಅರವತ್ತೊಂಬತ್ತು’ ಅಂದೆ. ಕಟ್ಟಡಕ್ಕೆ ಇರುವುದೇ ಐದು ಮಹಡಿ.

ಜೂನ್ 9, ಸೋಮವಾರ

‘ಅಳತೆಯಲ್ಲೇ ಎಲ್ಲೋ ಎಡವಟ್ಟಾಗಿದೆ ನೋಡಮ್ಮ’ ಅಂದರು ಸರ್. ಇಪ್ಪತ್ತನ್ನೂ ಮತ್ತೆ ಅಳೆದೆ. ಎಡವಟ್ಟು ಅಳತೆಯದಲ್ಲ, ಬಾಯಿಗಳದ್ದು.

ಸಂಜೆ ಮುಖ ಊದಿಸಿಕೊಂಡು ಕೂತಿದ್ದೆ. ದೊಡ್ಡಮ್ಮ ಟೇಪು ಹಿಡಿದು ಬಂದಳು. ಪ್ರಬಂಧ ಒಪ್ಪಿಸುವ ದಿನಕ್ಕೆಂದು ನನಗೊಂದು ಕೋಟು ಹೊಲಿಯುತ್ತಿದ್ದಾಳೆ.

‘ನೆಟ್ಟಗೆ ನಿಂತ್ಕೊಳೇ. ಎಡ ಭುಜ ಒಂದು ಬೆರಳು ಕೆಳಗಿದೆ.’

‘ನೆಟ್ಟಗೇ ನಿಂತಿದೀನಿ ದೊಡ್ಡಮ್ಮ.’

‘ಹಾಗಾದ್ರೆ ನೀನಿರೋದೇ ಹಾಗೆ. ಅದಕ್ಕೇನೀಗ, ಒಳಗೆ ಸ್ವಲ್ಪ ಪ್ಯಾಡ್ ಹಾಕಿದ್ರಾಯ್ತು. ಮೂವತ್ತು ವರ್ಷದಲ್ಲಿ ಎರಡೂ ಭುಜ ಒಂದೇ ಸಮ ಇರೋರನ್ನ ನಾನು ಒಬ್ಬರನ್ನೇ ನೋಡಿರೋದು.’

‘ಯಾರನ್ನ?’

‘ಬಟ್ಟೆ ಅಂಗಡಿ ಬಾಗಿಲಲ್ಲಿ ನಿಂತಿರ್ತಾಳಲ್ಲ, ಆ ಪ್ಲಾಸ್ಟಿಕ್ಕಿನೋಳನ್ನ.’

ಸೂಜಿಗಳ ಸಂದಿಯಿಂದಲೇ ನಕ್ಕಳು. ಬಟ್ಟೆಯ ಅಳತೆ ಬೇರೆ, ವಿಜ್ಞಾನ ಬೇರೆ ಎಂದು ಹತ್ತು ನಿಮಿಷ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು ‘ಕೈ ಎತ್ತು, ಕಂಕುಳ ಅಳತೆ ಬೇಕು’ ಅಂದಳು.

ಜೂನ್ 11, ಬುಧವಾರ

ಮೂವತ್ತಾರು ಆಯಿತು. ಸೊನ್ನೆ. ಬರೆಯುವಂಥದ್ದೇನೂ ಇಲ್ಲ.

ಜೂನ್ 12, ಗುರುವಾರ

ಸಿಕ್ಕಿತು. ಸಿಕ್ಕಿತು. ಸಿಕ್ಕಿತು.

ಮೂವತ್ತೇಳು. ಪಕ್ಕದ್ದು ಅರವತ್ತೆರಡು, ಕೋರೆಹಲ್ಲು ಮೂವತ್ತೆಂಟು. ಎಡಕ್ಕೂ ಅದೇ, ಬಲಕ್ಕೂ ಅದೇ. ಮೂರು ಸಲ ಅಳೆದೆ, ನನ್ನ ಮೇಲೆ ನನಗೇ ಅನುಮಾನ ಬಂದು ಕ್ಯಾಮೆರಾಳ ಕೈಲಿ ನಾಲ್ಕನೇ ಸಲ ಅಳೆಸಿದೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇಂಥ ನಗು ಹೊತ್ತ ಪುಣ್ಯಾತ್ಮರು ಈ ಊರಿನಲ್ಲೇ ಎಲ್ಲೋ ಓಡಾಡಿಕೊಂಡಿದ್ದಾರೆ, ದಾರಿಯಲ್ಲಿ ನನ್ನ ಪಕ್ಕದಲ್ಲೇ ಹಾದುಹೋಗಿದ್ದರೂ ಹೋಗಿರಬಹುದು.

ಸರ್ ಕನ್ನಡಕವನ್ನು ಹಣೆಗೆ ಏರಿಸಿ ಪರದೆಯ ಮುಂದೆ ಎಷ್ಟೋ ಹೊತ್ತು ನಿಂತರು. ಆಮೇಲೆ ತಮ್ಮ ಫ್ಲಾಸ್ಕಿನಿಂದ ನನಗೆ ಟೀ ಬಗ್ಗಿಸಿ ಕೊಟ್ಟರು. ವಿಭಾಗದ ಚರಿತ್ರೆಯಲ್ಲೇ ಆ ಫ್ಲಾಸ್ಕ್ ಬೇರೆಯವರಿಗಾಗಿ ಬಾಗಿದ್ದಿಲ್ಲ.

‘ನಾನು ಹೇಳ್ತಿರಲಿಲ್ವಾ? ಪ್ರಕೃತಿ ಒಂದು ಸಲನಾದ್ರೂ ಸರಿಯಾಗಿ ಲೆಕ್ಕ ಮಾಡುತ್ತೆ. ನಿನ್ನ ಹೊದಿಕೆಗಳನ್ನೂ ಇದೇ ಅಳತೆಗೆ ಮಾಡಿಸೋಣ. ಇಪ್ಪತ್ತನಾಲ್ಕನೇ ತಾರೀಕು ಆದ್ಮೇಲೆ ಊರಲ್ಲಿ ಇಂಥ ನಗು ಎರಡಾಗುತ್ತೆ.’

ದೊಡ್ಡಮ್ಮನಿಗೆ ಫೋಟೊ ತೋರಿಸಿದೆ. ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ‘ಇದೇನು ಇಷ್ಟೊಂದು ಒಪ್ಪ ಓರಣ’ ಅಂದು ವಾಪಸು ಕೊಟ್ಟಳು. ರಸಿಕತೆ ಎಂಬುದು ಎಲ್ಲರಿಗೂ ಬರುವುದಿಲ್ಲ.

ಜೂನ್ 17, ಮಂಗಳವಾರ

ಇನ್ನು ಏಳು ದಿನ. ನನ್ನ ಹಲ್ಲಿನ ಅಚ್ಚು ತೆಗೆದು, ಅದರ ಮೇಲೆ ಮೂವತ್ತೇಳರ ಅಳತೆಗೆ ಮೇಣದಲ್ಲಿ ನಾಲ್ಕು ಹಲ್ಲು ಮಾಡಿದವನು ನಮ್ಮ ಲ್ಯಾಬಣ್ಣ. ವಿಭಾಗಕ್ಕೆ ಬೇಕಾದ ಹಲ್ಲುಗಳನ್ನೆಲ್ಲ ಅವನೇ ಮಾಡುವುದು. ಇವತ್ತು ಅದೇ ಆಕಾರದ ಪ್ರಯೋಗದ ಹೊದಿಕೆಯನ್ನು, ಏನೂ ಸವೆಸದೆ, ನನ್ನ ಹಲ್ಲುಗಳ ಮೇಲೆ ಕೂರಿಸಿದರು. ಬೇಡವೆಂದರೆ ಕಿತ್ತು ತೆಗೆಯಬಹುದು. ಎರಡು ದಿನ ಹಾಕಿಕೊಂಡು ಓಡಾಡು, ಅಭ್ಯಾಸವಾಗಲಿ ಎಂದರು ಸರ್.

ಚೆನ್ನಾಗಿದೆ. ಕನ್ನಡಿಯಲ್ಲಿ ಪೇಸ್ಟಿನ ಜಾಹೀರಾತು ಕಂಡಿತು. ‘ಸ’ ಅನ್ನುವಾಗ ಸ್ವಲ್ಪ ಗಾಳಿ ಸೋರುತ್ತದೆ, ಆದ್ದರಿಂದ ಸಂಜೆಯವರೆಗೂ ಸರ್ ಅವರನ್ನು ಕರೆಯದೆ ಕೈಸನ್ನೆ ಮಾಡಿದೆ.

ಮನೆಗೆ ಹೋಗಿ ದೊಡ್ಡಮ್ಮನ ಮುಂದೆ ನಿಂತು ಬಾಯಿ ತುಂಬ ನಕ್ಕೆ. ಮೆಷಿನ್ ನಿಂತಿತು. ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಮನೆಗೆ ನೆಂಟರು ಬಂದರೂ ಅವಳು ಸೂಜಿ ತೆಗೆಯುವವಳಲ್ಲ.

‘ಆ ಹಲ್ಲೆಲ್ಲಿ?’

‘ಇದರ ಒಳಗಿದೆ. ಇಪ್ಪತ್ತನಾಲ್ಕನೇ ತಾರೀಕು ಹೋಗುತ್ತೆ.’

‘ತೆಗಿ ಅದನ್ನ. ನನಗೆ ನೋಡಕ್ಕಾಗಲ್ಲ.’

ಅಷ್ಟು ಹೇಳಿ ಒಳಗೆ ಹೋದಳು. ನನಗೆ ತುಂಬಾ ಬೇಜಾರಾಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಾಯಿ ತೆರೆದು ನಕ್ಕರೆ ಮನೆಯವರು ಹೀಗೆ ಅಂದರೆ ಏನು ಮಾಡುವುದು? ಊಟಕ್ಕೆ ಕೂತೆವು. ಪ್ರಯೋಗದ ಹಲ್ಲಿನಲ್ಲಿ ಅಗಿಯುವುದೂ ಕಷ್ಟ.

ಜೂನ್ 20, ಶುಕ್ರವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು.

ಬೆಳಗ್ಗೆ ಅರವತ್ತೂ ಮುಗಿಯಿತು. ಉಳಿದ ಐವತ್ತೊಂಬತ್ತರಲ್ಲಿ ಒಂದೂ ಇಲ್ಲ, ಮೂವತ್ತೇಳು ಒಂದೇ. ಅಳತೆ ಮುಗಿದ ಮೇಲೆ ಲಕೋಟೆ ಒಡೆಯಬಹುದು. ನಾನು ಸೀದಾ ಮೂವತ್ತೇಳನೆಯದಕ್ಕೇ ಕೈ ಹಾಕಿದೆ. ವಯಸ್ಸು: ಐವತ್ತೆಂಟು. ಉದ್ಯೋಗ: ಹೊಲಿಗೆ. ವಿಳಾಸ: ನಾನು ದಿನಾ ರಾತ್ರಿ ಮಲಗುವ ಮನೆ.

‘ನಿಮ್ಮ ದೊಡ್ಡಮ್ಮ ನಿನ್ನ ಏಪ್ರನ್ ಕೊಡಕ್ಕೆ ಬಂದಿದ್ರಲ್ಲ, ಆವತ್ತು. ಒಬ್ಬರು ಕಡಿಮೆ ಬಿದ್ದಿದ್ರು, ಕೂರಿಸ್ದೆ’ ಅಂದಳು ಕ್ಯಾಮೆರಾ. ‘ಕಟ್ಟಿಸಿದ ಹಲ್ಲೇನಾದ್ರೂ ಇದೆಯಾ ಆಂಟಿ ಅಂತ ಕೇಳ್ದೆ ಕಣೇ. ನಾನೇನೋ ಅವರ ಆಸ್ತಿ ಬರೆಸಿಕೊಳ್ತೀನೇನೋ ಅನ್ನೋ ಥರ ನೋಡಿ, ಎಲ್ಲಾ ನಂದೇ ಅಂದ್ರು.’

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸುವರ್ಣ ಅನುಪಾತ ನಮ್ಮ ವಂಶದಲ್ಲೇ ಇದೆ, ನನಗೊಬ್ಬಳಿಗೇ ಅನ್ಯಾಯವಾಗಿದೆ ಎಂದುಕೊಳ್ಳುತ್ತಾ ಮಧ್ಯಾಹ್ನವೇ ಮನೆಗೆ ಓಡಿದೆ. ಬಾಗಿಲಲ್ಲೇ ಕೂಗಿದೆ, ‘ದೊಡ್ಡಮ್ಮ, ಮೂವತ್ತೇಳು ನೀನೇ. ಇಡೀ ಊರಲ್ಲಿ ನಿನ್ನದೊಂದೇ ಸರಿಯಾದ ನಗು.’

ಅವಳು ಮೆಷಿನ್ನಿನ ಮುಂದಿಂದ ಎದ್ದು ಬಂದು ನನ್ನೆದುರು ನಿಂತಳು. ಸೂಜಿಗಳನ್ನು ತೆಗೆದಳು. ಹೆಬ್ಬೆರಳನ್ನು ಬಾಯೊಳಗೆ ಹಾಕಿ ಕೆಳಕ್ಕೆ ಒತ್ತಿ, ಮೇಲಿನ ಇಡೀ ಸಾಲನ್ನು ಕಳಚಿ, ಗುಂಡಿಗಳ ತಟ್ಟೆಯಲ್ಲಿಟ್ಟಳು.

‘ತಗೋ ನಿನ್ನ ಮೂವತ್ತೇಳು.’

ಐದು ವರ್ಷ ಹಲ್ಲು ಓದಿ, ಅದರ ಮೇಲೆ ಎರಡು ವರ್ಷ ಬರೀ ಮುಂದಿನ ಹಲ್ಲು ಓದಿ, ಆ ಎರಡೂ ವರ್ಷ ಈ ಹೆಂಗಸಿನ ಎದುರು ಕೂತು ಊಟ ಮಾಡಿದವಳು ನಾನು. ಬಾಯಿ ತೆರೆದು ನಿಂತುಬಿಟ್ಟೆ.

‘ಮುಚ್ಚೇ ಬಾಯಿ, ನಿನ್ನವೂ ಉದುರೀತು’ ಅಂದಳು ದೊಡ್ಡಮ್ಮ. ಹಲ್ಲಿಲ್ಲದ್ದರಿಂದ ಅರ್ಧ ಗಾಳಿಯೇ ಬಂತು. ಸೆಟ್ಟನ್ನು ತೊಳೆದು ಮತ್ತೆ ಹಾಕಿಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತು ಹೇಳಿದಳು.

ನಾಲ್ಕು ವರ್ಷದ ಹಿಂದೆ ವಸಡು ಸಡಿಲವಾಗಿ ಮೇಲಿನವೆಲ್ಲ ಹೋದವು. ನಾನು ಆಗ ಬೇರೆ ಊರಲ್ಲಿ ಓದುತ್ತಿದ್ದೆ, ಬುದ್ಧಿ ಬಂದ ಮೇಲೆ ಅವಳನ್ನು ನೋಡಿಯೇ ಇರಲಿಲ್ಲ. ನಮ್ಮದೇ ಕಾಲೇಜಿಗೆ ಬಂದು ಸೆಟ್ಟು ಮಾಡಿಸಿಕೊಂಡಳು. ನಾನು ಇಲ್ಲಿಗೆ ಬಂದ ಮೇಲೂ ಹೇಳಲಿಲ್ಲ, ಹಲ್ಲಿನ ಡಾಕ್ಟರ್ ಮನೆಯಲ್ಲಿ ಬೋಡುಬಾಯಿ ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ.

‘ಚೆನ್ನಾಗಿಯೇ ಮಾಡಿಕೊಟ್ರು. ಎಲ್ಲರೂ ಹತ್ತು ವರ್ಷ ಚಿಕ್ಕೋಳಾದೆ ಅಂದ್ರು. ಕನ್ನಡಿ ನೋಡಿದ್ರೆ ಮಾತ್ರ ಯಾರೋ ಬೇರೆ ಹೆಂಗಸು ನನ್ನ ಕನ್ನಡಕ ಹಾಕ್ಕೊಂಡು ನಿಂತಿರ್ತಾಳೆ. ನನಗೂ ನಿನ್ನ ಥರಾನೇ ಇತ್ತು ಕಣೇ. ಬಲಗಡೆ ಎರಡನೇದು, ಪಕ್ಕದ್ದರ ಮೇಲೆ ಹತ್ತಿಕೊಂಡು. ನಮ್ಮಮ್ಮಂಗೂ ಇತ್ತು. ನಿಮ್ಮಮ್ಮಂಗೆ ಬರಲಿಲ್ಲ, ನಿನಗೆ ಬಂತು. ನೀನು ಮೊದಲನೇ ದಿನ ಈ ಬಾಗಿಲಲ್ಲಿ ಸೂಟ್‌ಕೇಸ್ ಕಾಲ ಮೇಲೆ ಬೀಳಿಸ್ಕೊಂಡು ಅಯ್ಯಮ್ಮಾ ಅಂತ ಬಾಯಿ ತೆಗೆದೆಯಲ್ಲ, ಆಗ ಕಾಣಿಸ್ತು. ನಾನು ನಕ್ಕೆ ಅಂತ ನೀನು ಎರಡು ದಿನ ಮಾತು ಬಿಟ್ಟಿದ್ದೆ. ನಾನು ನಕ್ಕಿದ್ದು ನಿನ್ನ ಕಾಲು ನೋಡಿ ಅಲ್ಲ.’

‘ಮತ್ತೆ ನಾನು ದಿನ ಗೊತ್ತಾಯ್ತು ಅಂದಾಗ ಯಾಕೆ ಸುಮ್ನಿದ್ದೆ?’

‘ನಿನ್ನ ಹಲ್ಲು, ನಿನ್ನ ಬಾಯಿ. ಬೇಡ ಅನ್ನಕ್ಕೆ ನಾನ್ಯಾರು? ಅದಕ್ಕೇ ಊಂ ಅಂದೆ. ಆದ್ರೆ ನನ್ನ ಮುಖ ಉಳಿದಿರೋದು ಅದೊಂದರಲ್ಲೇ.’

ನಾನು ಅತ್ತುಬಿಟ್ಟೆ. ಅವಳು ತನ್ನ ಸೆರಗಿನಲ್ಲಿ ನನ್ನ ಕಣ್ಣು ಒರೆಸಿ, ‘ಅಲ್ಲಿ ಸೂಜಿ ಚುಚ್ಚಿದೀನಿ, ನೋಡ್ಕೊಂಡು ಅಳು’ ಅಂದಳು.

ಪ್ರಯೋಗದ ಹೊದಿಕೆಯನ್ನು ಬುಧವಾರವೇ ಕಿತ್ತು ತೆಗೆದಿದ್ದೆ, ಅಗಿಯಲಾಗದೆ. ಅದನ್ನು ಬರೆಯಲು ಮರೆತಿದ್ದೆ.

ಜೂನ್ 21, ಶನಿವಾರ

ಲ್ಯಾಬಣ್ಣನ ಬಳಿ ಹೋಗಿ ನಾಲ್ಕು ವರ್ಷದ ಹಿಂದಿನ ರಿಜಿಸ್ಟರ್ ತೆಗೆಸಿದೆ. ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿ, ಹುಡುಕಿ, ನನ್ನ ಕಡೆ ತಿರುಗಿಸಿದ. ದೊಡ್ಡಮ್ಮನ ಸೆಟ್ಟಿನ ಎದುರು ಅವನದೇ ಅಕ್ಷರದಲ್ಲಿ ಬರೆದಿದೆ: ‘ಸರ್ ಚಾರ್ಟ್ ಪ್ರಕಾರ.’

‘ಮೇಡಂ, ಆಗ ಎಲ್ಲಾ ಸೆಟ್ಟೂ ಚಾರ್ಟ್ ನೋಡೇ ಜೋಡಿಸಬೇಕಿತ್ತು. ಪಕ್ಕದ ಹಲ್ಲು ಸ್ವಲ್ಪ ಸವೆಸಿ, ಕೋರೆಹಲ್ಲು ಸ್ವಲ್ಪ ತಿರುಗಿಸಿ, ಅರವತ್ತೆರಡು-ಮೂವತ್ತೆಂಟು ಬರಿಸ್ತಿದ್ದೆ. ಒಂದು ಸಲ ಆ ಅಮ್ಮನ ಮುಖ ನೋಡ್ಕೊಂಡು ಬರ್ಲಾ ಅಂತ ಕೇಳ್ದೆ. ಚಾರ್ಟ್ ಇರುವಾಗ ಮುಖ ಯಾಕೆ ಅಂದ್ರು ಸರ್.’

ಅಂದರೆ ಸರ್ ಇಪ್ಪತ್ತೆರಡು ವರ್ಷದಿಂದ ಪ್ರಕೃತಿಯಲ್ಲಿ ಹುಡುಕುತ್ತಿದ್ದ ಲೆಕ್ಕ ಕೊನೆಗೂ ಸಿಕ್ಕಿದ್ದು ಸರ್ ತಾವೇ ಮಾಡಿಸಿದ ಹಲ್ಲಿನಲ್ಲೇ. ಲ್ಯಾಬಿನಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಲ್ಯಾಬಣ್ಣನೂ ನಕ್ಕ. ಅವನ ಪಕ್ಕದ ಹಲ್ಲು ಎಷ್ಟಿತ್ತೋ ಗೊತ್ತಿಲ್ಲ, ನೋಡಲಿಲ್ಲ.

ಆಮೇಲೆ ಇದನ್ನು ಸರ್‌ಗೆ ಹೇಳಬೇಕಾದವಳು ನಾನೇ ಎಂದು ನೆನಪಾಯಿತು. ನಗು ನಿಂತಿತು.

ಜೂನ್ 23, ಸೋಮವಾರ

ಹೇಳಿದೆ. ರಿಜಿಸ್ಟರನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ, ಒಂದೇ ಉಸಿರಿಗೆ.

ಸರ್ ಓದಿದರು. ಕನ್ನಡಕ ತೆಗೆದು ಒರೆಸಿದರು. ಅದು ಸ್ವಚ್ಛವಾಗಿಯೇ ಇತ್ತು.

‘ಮೂವತ್ತೇಳು ತೆಗೆದರೆ, ಐವತ್ತೊಂಬತ್ತರಲ್ಲಿ ಎಷ್ಟು?’

‘ಸೊನ್ನೆ ಸರ್.’

‘ಇಪ್ಪತ್ತೆರಡು ವರ್ಷ ಪಾಠ ಮಾಡಿದೀನಮ್ಮ.’

‘ಗೊತ್ತು ಸರ್.’

ಕಿಟಕಿಯ ಕಡೆ ನೋಡುತ್ತಾ ಕೂತರು. ಅವರನ್ನು ಹಾಗೆ ನೋಡಿ ನನಗೆ ಪಾಪ ಅನ್ನಿಸಿತು. ಬೈದಿದ್ದರೇ ವಾಸಿಯಿತ್ತು. ಕೊನೆಗೆ ರಿಜಿಸ್ಟರನ್ನು ನನ್ನತ್ತ ತಳ್ಳಿದರು.

‘ಬರಿ. ಸೊನ್ನೆ ಅಂತಲೇ ಬರಿ. ಅಂಕಿಯಲ್ಲಿ ಬರೆದು ಅಕ್ಷರದಲ್ಲೂ ಬರಿ. ನಾಳೆ ನನಗೇ ತಿದ್ದೋಣ ಅನ್ನಿಸಬಾರದು.’

ನಾನು ಬಾಗಿಲ ತನಕ ಹೋದಾಗ ಕೇಳಿದರು, ‘ನಾಳೆ ಹತ್ತು ಗಂಟೆಗೆ ಬರ್ತೀಯ ತಾನೆ?’ ಬರ್ತೀನಿ ಅಂದೆ. ಕೂರುತ್ತೇನೆ ಅನ್ನಲಿಲ್ಲ.

ಜೂನ್ 24, ಮಂಗಳವಾರ

ಹತ್ತು ಗಂಟೆಗೆ ಸರಿಯಾಗಿ ಸರ್ ಗ್ಲೌಸ್ ಹಾಕಿಕೊಂಡು, ಹಲ್ಲು ಸವೆಸುವ ಯಂತ್ರವನ್ನು ಒಂದು ಸಲ ಗುಯ್ ಅನ್ನಿಸಿ ಪರೀಕ್ಷಿಸಿ, ಕುರ್ಚಿಯ ಕಡೆ ತಿರುಗಿದರು. ಕುರ್ಚಿಯಲ್ಲಿ ದೊಡ್ಡಮ್ಮ ಕೂತಿದ್ದಳು. ಸೂಜಿ ಕಚ್ಚಿಕೊಂಡಿರಲಿಲ್ಲ, ಮನೆಯಲ್ಲೇ ಲಂಚ ಕೊಟ್ಟು ತೆಗೆಸಿದ್ದೆ.

‘ಇವರು?’

‘ಮೂವತ್ತೇಳು, ಸರ್.’

ಸರ್ ಸ್ಟೂಲ್ ಎಳೆದುಕೊಂಡು ಕೂತರು. ‘ಏನಮ್ಮಾ, ನಾನು ಕೊಟ್ಟ ಹಲ್ಲಲ್ಲಿ ಏನು ಕೊರತೆ?’

‘ಕೊರತೆ ಏನೂ ಇಲ್ಲ ಡಾಕ್ಟ್ರೇ. ಅದೇ ತೊಂದ್ರೆ. ಒಳ್ಳೇ ಬಟ್ಟೆ, ಒಳ್ಳೇ ಹೊಲಿಗೆ, ಅಳತೆ ಮಾತ್ರ ಬೇರೆಯೋರದ್ದು.’

ಸರ್ ಸೆಟ್ಟನ್ನು ಬಿಚ್ಚಿಸಿ ಕೈಯಲ್ಲಿ ಹಿಡಿದು ತಿರುಗಿಸಿದರು. ದೊಡ್ಡಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಅವಳ ಮುಖ. ‘ಎಲ್ಲಿ, ಸ್ವಲ್ಪ ನಗಮ್ಮ’ ಅಂದರು ನನಗೆ. ನಕ್ಕೆ. ಎರಡು ವರ್ಷದಲ್ಲಿ ಅವರು ನನ್ನ ಹಲ್ಲನ್ನು ಸ್ಕೇಲಿಲ್ಲದೆ ನೋಡಿದ್ದು ಇದೇ ಮೊದಲು.

ಲ್ಯಾಬಣ್ಣನನ್ನು ಕರೆಸಿದರು. ‘ಈಯಮ್ಮಂಗೆ ಹೊಸ ಸೆಟ್ಟು. ಚಾರ್ಟ್ ಬೇಡ. ಇವಳ ಬಾಯಿದು ಅಚ್ಚಿದೆಯಲ್ಲ, ಅದನ್ನ ಎದುರಿಗಿಟ್ಕೊಂಡು ಜೋಡಿಸು. ಆಮೇಲೆ ಬಂದು ಮುಖ ನೋಡ್ಕೊಂಡು ಹೋಗು.’

ಲ್ಯಾಬಣ್ಣ ನನಗೆ ಕಣ್ಣು ಹೊಡೆದ. ಇಂಥ ಸಮಯದಲ್ಲಿ ತಪ್ಪೆನ್ನುವಂತಿಲ್ಲ. ನನ್ನ ಸಹಿ ಇದ್ದ ಹಾಳೆಯನ್ನು ಕೇಳಿದೆ. ಸರ್ ಅದನ್ನೇ ಎರಡಾಗಿ ಮಡಚಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲಿನ ಕೆಳಗೆ ಇಟ್ಟರು.

ಜುಲೈ 8, ಮಂಗಳವಾರ

ಪ್ರಬಂಧ ಒಪ್ಪಿಸಿದೆ. ಕೋಟು ಚೆನ್ನಾಗಿ ಕೂತಿತ್ತು, ಎಡ ಭುಜ ಯಾರಿಗೂ ಗೊತ್ತಾಗಲಿಲ್ಲ. ಕ್ಯಾಮೆರಾ ನನ್ನದೂ ದೊಡ್ಡಮ್ಮನದೂ ಒಟ್ಟಿಗೆ ಒಂದು ಫೋಟೊ ತೆಗೆದಳು. ಕೆಟ್ಟದಾಗಿ ಬಂದಿದೆ. ನನ್ನ ಕಣ್ಣೆರಡೂ ಪೂರ್ತಿ ಮುಚ್ಚಿಕೊಂಡಿವೆ, ಬಾಯಿ ಮಾತ್ರ ಕಿವಿಯಿಂದ ಕಿವಿಗೆ. ದೊಡ್ಡಮ್ಮ ಅದನ್ನೇ ಮೆಷಿನ್ನಿನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ, ಕಣ್ಣು ತೆರೆದಿರುವುದು ಇನ್ನೊಂದು ತೆಗೆಸಬೇಕು.

ಹೊಸ ಸೆಟ್ಟು ಹಾಕಿದ್ದು ಬೆಳಗ್ಗೆ. ಲ್ಯಾಬಣ್ಣ ಅಚ್ಚನ್ನೂ ಮುಖವನ್ನೂ ನೋಡಿ ನೋಡಿ, ಬಲಗಡೆಯ ಎರಡನೇ ಹಲ್ಲನ್ನು ಸ್ವಲ್ಪ ತಿರುಗಿಸಿ ನಡುಹಲ್ಲಿನ ಹೆಗಲ ಮೇಲೆ ಹತ್ತಿಸಿ ತಂದಿದ್ದ. ಎಡ-ಬಲ ಒಂದೇ ಸಮ ಇರಲಿಲ್ಲ. ಸರ್ ತಾವೇ ಕೂರಿಸಿ, ಕಚ್ಚಿಸಿ ನೋಡಿ, ದೊಡ್ಡಮ್ಮನ ಕೈಗೆ ಕನ್ನಡಿ ಕೊಟ್ಟರು. ನಾನು ಫೈಲ್ ತರಲು ಪಕ್ಕದ ಕೋಣೆಗೆ ಹೋಗಿ ಎರಡು ನಿಮಿಷದಲ್ಲಿ ವಾಪಸು ಬಂದೆ.

‘ಬಂದ್ಯಾ?’ ಅಂದಳು ದೊಡ್ಡಮ್ಮ. ದನಿ ಸಣ್ಣಗಿತ್ತು. ‘ಇಷ್ಟು ದಿನ ಎಲ್ಲೇ ಹೋಗಿದ್ದೆ?’

‘ಇಲ್ಲೇ ಪಕ್ಕದ ರೂಮಿಗೆ ಹೋಗಿದ್ದೆ ದೊಡ್ಡಮ್ಮ, ಫೈಲ್ ತರಕ್ಕೆ’ ಅಂದೆ.

‘ನಿನ್ನನ್ನಲ್ಲ ಕಣೇ’ ಅಂದಳು ಕನ್ನಡಿಯಿಂದ ಕಣ್ಣು ತೆಗೆಯದೆ.